ಅಂಬಿಕೆ, ಅತ್ತಿಮಬ್ಬೆ ಮತ್ತು ಶ್ರಾವಕಿಯ ಶೀಲ

ಐಹೊಳೆಯ ಮೇಗುಟಿ ಎಂದೊಡನೆ ವಿದ್ವಾಂಸರಿಗೆ ನೆನಪಾಗುವುದು ಶಕ 556ರ (ಕ್ರಿ.ಶ. 634) ರವಿಕೀರ್ತಿಯ ಶಾಸನ. ಅದೇ ಬಸದಿಯ ಅಂಬಿಕೆಯ ವಿಗ್ರಹ ಇಂದು ಊರಿನ ಸಂಗ್ರಹಾಲಯದಲ್ಲಿದೆ. ಮಾವಿನ ಮರದಡಿ ಪರಿಚಾರಿಕೆಯರ ನಡುವೆ ಕುಳಿತ ಈ ಯಕ್ಷಿಯ ಕಥೆ ಗೃಹಿಣಿಯ ಧರ್ಮವನ್ನೇ ಪರೀಕ್ಷೆಗೆ ಒಡ್ಡುತ್ತದೆ.

ಕಥೆಯಂತೆ ಆಕೆ ಗಿರಿನಗರದ ಅಗ್ನಿಲೆ. ಶ್ರಾದ್ಧದ ಅಡಿಗೆಯಿಂದ ಮುನಿಗೆ ಆಹಾರದಾನವಿತ್ತಳೆಂದು ಪತಿ ಸೋಮಶರ್ಮ ಆಕೆಯನ್ನು ಮನೆಯಿಂದ ಹೊರದೂಡಿದ. ಪಶ್ಚಾತ್ತಾಪಪಟ್ಟು ಅರಸಿ ಬಂದವನನ್ನು ಕಂಡು ಅಂಜಿ ಬೆಟ್ಟದಿಂದ ಧುಮುಕಿದ ಆಕೆ ನೇಮಿನಾಥರ ಯಕ್ಷಿಯಾದಳು. ಪತಿ ಆಕೆಯ ವಾಹನವಾದ ಸಿಂಹವಾದ.

ತಂದೆ, ಪತಿ, ಪುತ್ರ ಎಂಬ ಮೂವರ ಅಧೀನತೆಯನ್ನು ಮನುಸ್ಮೃತಿ ಸ್ತ್ರೀಗೆ ವಿಧಿಸುತ್ತದೆ. ಕನ್ಫ್ಯೂಷಿಯಸನ ಪರಂಪರೆ ವಿಯೆಟ್ನಾಮಿನ ಸ್ತ್ರೀಯರಿಗೆ ಕಲಿಸಿದ ಮೂರು ವಿಧೇಯತೆಗಳೂ ಇವೇ. ಅಲ್ಲಿ 1670ರಲ್ಲಿ ಕ್ಯಾಥೊಲಿಕ್ ಬಿಷಪ್ ಲಾಂಬೆರ್ ದ ಲಾ ಮೊತ್ ಸ್ಥಾಪಿಸಿದ ಸನ್ಯಾಸಿನಿಯರ ಸಂಘವು ಪತಿಯಿಲ್ಲದೆಯೂ ಶೀಲದ ಬಾಳು ಸಾಧ್ಯವೆಂದು ತೋರಿತು. ಆದರೂ ವಿಧೇಯತೆ ಅಲ್ಲಿ ವ್ರತವಾಗಿಯೇ ಉಳಿಯಿತು. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ವಿಧೇಯತೆಯೆಂಬುದಿಲ್ಲ. ಶ್ರಾವಕನಿಗೂ ಶ್ರಾವಕಿಗೂ ಅವು ಒಂದೇ.

ಪತಿಯನ್ನು ಕೇಳದೆ ಕೊಟ್ಟದ್ದು ಅಚೌರ್ಯಕ್ಕೆ ಭಂಗವಲ್ಲವೆ ಎಂಬ ಆಕ್ಷೇಪ ಏಳಬಹುದು. ಮನೆಯ ಅನ್ನ ಗೃಹಿಣಿಗೆ ಪರರ ಸ್ವತ್ತಲ್ಲ. ಅತಿಥಿಸಂವಿಭಾಗವು ಆಕೆಯ ವ್ರತವೂ ಹೌದು. ಆದುದರಿಂದ ದೋಷವಿರುವುದು ದಾನದಲ್ಲಲ್ಲ, ಬೆಟ್ಟದಿಂದ ಧುಮುಕಿದುದರಲ್ಲಿ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗಿರಿಪಾತ, ಅಗ್ನಿಪಾತಗಳನ್ನು ಲೋಕಮೂಢತೆಯಲ್ಲಿ ಎಣಿಸುತ್ತದೆ. ಅಂಬಿಕೆ ಪೂಜ್ಯಳಾದುದು ದಾನದಿಂದ, ಮರಣದಿಂದಲ್ಲ.

ಇದೇ ಜಿಲ್ಲೆಯ ಮುಧೋಳದ ರನ್ನನು ‘ಅಜಿತಪುರಾಣ’ದಲ್ಲಿ (993) ಸ್ಮರಿಸಿರುವ ಅಕ್ಕತಂಗಿಯರನ್ನೂ ಈ ಅಳತೆಯಿಂದಲೇ ನೋಡಬೇಕು. ಪತಿ ನಾಗದೇವ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ, ಮಗನನ್ನು ಬೆಳೆಸಿ, ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ, 1500 ಜಿನಬಿಂಬಗಳನ್ನು ಮಾಡಿಸಿ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಲೋಕ ಸಾಯುವ ಸತಿಯನ್ನು ಹೊಗಳುತ್ತಿದ್ದ ಕಾಲದಲ್ಲಿ ಬದುಕುವ ಶ್ರಾವಕಿಯನ್ನು ದಾನಚಿಂತಾಮಣಿಯಾಗಿ ನಿಲ್ಲಿಸಿದುದು ರನ್ನನ ಕಾವ್ಯದ ನೈತಿಕ ಧೈರ್ಯ. ಗುಂಡಮಬ್ಬೆಯ ಅಗ್ನಿಪ್ರವೇಶವನ್ನು ಆತ ಪ್ರಶ್ನಿಸಲಿಲ್ಲವೆಂಬುದು ಅದರ ಮಿತಿ.

ಸೊಸೆಯ ತಾಳ್ಮೆಯನ್ನೇ ಶೀಲವೆಂದು ಕೊಂಡಾಡುವ ಮನೆಗಳೂ, ದಾನಿಗಳ ಫಲಕದಲ್ಲಿ ಸ್ತ್ರೀಯರ ಹೆಸರು ಕೆತ್ತಿಸಿ ಆಡಳಿತ ಸಮಿತಿಯಲ್ಲಿ ಅವರನ್ನು ಮರೆಯುವ ಬಸದಿಗಳೂ ಇದ್ದರೆ, ಅವು ಐಹೊಳೆಯ ಆ ವಿಗ್ರಹದ ಮುಂದೆ ಕ್ಷಣಕಾಲ ನಿಲ್ಲುವುದು ಒಳಿತು.