ವಾಟ್‌ಗೆ 38 ರೂಪಾಯಿ: ಒಂದು ಸೋಲಾರ್ ಕೊಟೇಶನ್ನಿನ ವ್ಯಾಖ್ಯಾನ

ಪೀಣ್ಯದಲ್ಲೋ ತುಮಕೂರಿನ ವಸಂತನರಸಾಪುರದಲ್ಲೋ ಕಾರ್ಖಾನೆ ನಡೆಸುವವರು ಛಾವಣಿಗೆ ಸೋಲಾರ್ ಹಾಕಿಸಲು ಹೊರಟರೆ ಮೊದಲು ಕೈಗೆ ಬರುವುದು ಎರಡು ಮೂರು ಪುಟದ ಕೊಟೇಶನ್. ಹೆಚ್ಚಿನವರು ನೋಡುವುದು ಅದರಲ್ಲಿ ಒಂದೇ ಅಂಕಿ: ವಾಟ್‌ಗೆ ಎಷ್ಟು. ಎರಡು ಕಂಪನಿಗಳ ನಡುವೆ ಒಂದು ರೂಪಾಯಿ ವ್ಯತ್ಯಾಸ ಕಂಡರೆ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ನಿಜವಾದ ಖರ್ಚು ಇರುವುದು ಉಳಿದ ಸಾಲುಗಳಲ್ಲಿ. ಕೆಳಗಿನದು ಯಾವ ಕಂಪನಿಯ ಕಾಗದವೂ ಅಲ್ಲ; ಇಂಥ ಕೊಟೇಶನ್‌ಗಳ ಸಾಮಾನ್ಯ ಒಕ್ಕಣೆಯಿಂದ ಕಟ್ಟಿದ ಮಾದರಿ. ದರಗಳೂ ಲೆಕ್ಕಕ್ಕೆಂದು ಇಟ್ಟುಕೊಂಡವು.

“500 ಕಿಲೋವಾಟ್ ಛಾವಣಿ ಸೌರ ಸ್ಥಾವರ, ಗ್ರಿಡ್ ಜೋಡಣೆ ಸಹಿತ.”

ಯಾವ ಕಿಲೋವಾಟ್ ಎಂದು ಕೇಳಬೇಕು. ಪ್ಯಾನೆಲ್‌ಗಳ ಒಟ್ಟು ಶಕ್ತಿಯೂ ಕಿಲೋವಾಟ್‌ನಲ್ಲೇ ಇರುತ್ತದೆ, ಇನ್ವರ್ಟರ್‌ಗಳದ್ದೂ ಕಿಲೋವಾಟ್‌ನಲ್ಲೇ. 500 ಕಿಲೋವಾಟ್ ಪ್ಯಾನೆಲ್‌ಗೆ 400 ಕಿಲೋವಾಟ್ ಇನ್ವರ್ಟರ್ ಕೊಡುವುದು ತಪ್ಪಲ್ಲ. ಬಿಸಿಲಿಗೆ ಕಾದ ಪ್ಯಾನೆಲ್ ತನ್ನ ಮೇಲೆ ಬರೆದಷ್ಟು ವಿದ್ಯುತ್ ಕೊಡುವುದು ಅಪರೂಪ. ಆದರೆ ಒಬ್ಬರು ಪ್ಯಾನೆಲ್ ಲೆಕ್ಕದಲ್ಲಿ, ಇನ್ನೊಬ್ಬರು ಇನ್ವರ್ಟರ್ ಲೆಕ್ಕದಲ್ಲಿ ದರ ಕೊಟ್ಟಿದ್ದರೆ ಆ ಎರಡನ್ನು ಹೋಲಿಸಿ ಪ್ರಯೋಜನವಿಲ್ಲ.

500 ಎಂಬ ಅಂಕಿಗೂ ಕಾರಣವಿದೆ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2021ರಲ್ಲಿ ಆದ ತಿದ್ದುಪಡಿ, ನೆಟ್ ಮೀಟರಿಂಗ್‌ಗೆ (ಬಳಸದೆ ಉಳಿದ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆಗೆ) 500 ಕಿಲೋವಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಕಡಿಮೆ ಇರುವುದನ್ನು ಮಿತಿಯಾಗಿ ಇಟ್ಟಿತು.

ಇನ್ನು “ಗ್ರಿಡ್ ಜೋಡಣೆ”. ಕರೆಂಟು ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಛಾವಣಿಯ ವಿದ್ಯುತ್ ಹರಿಯಬಾರದು, ಅದಕ್ಕೆ. ಕರೆಂಟು ಇಲ್ಲದಾಗ ಜನರೇಟರ್ ಜೊತೆ ನಡೆಯಬೇಕೆಂದರೆ ಬೇರೆ ನಿಯಂತ್ರಣ ಸಾಧನ ಬೇಕು. ಈ ಕೊಟೇಶನ್ನಿನಲ್ಲಿ ಅದು ಎಲ್ಲೂ ಇಲ್ಲ.

“ದರ: ವಾಟ್‌ಗೆ ರೂ. 38ರಂತೆ ರೂ. 1,90,00,000.”

ಕೊಚ್ಚಿ ವಿಮಾನ ನಿಲ್ದಾಣ 2015ರಲ್ಲಿ 12 ಮೆಗಾವಾಟ್ ಸ್ಥಾವರ ಕಟ್ಟಿದಾಗ ಸುಮಾರು 62 ಕೋಟಿ ಖರ್ಚಾಯಿತು. ವಾಟ್‌ಗೆ 51 ರೂಪಾಯಿಗೂ ಹೆಚ್ಚು, ಅದೂ ಅಷ್ಟು ದೊಡ್ಡ ಗಾತ್ರಕ್ಕೆ. ಆಗಿನಿಂದ ಬೆಲೆ ಇಳಿದದ್ದು ನಿಜ. ಆದರೆ ಚೀನಾದಲ್ಲಿ ಪ್ಯಾನೆಲ್ ಅಗ್ಗವಾಯಿತೆಂಬ ಸುದ್ದಿ ಹಿಡಿದು ಚೌಕಾಸಿಗೆ ಇಳಿಯುವವರು ಎರಡು ಸಂಗತಿ ಮರೆಯುತ್ತಾರೆ. 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್ ಮೇಲೆ ಶೇ. 40 ಸುಂಕ ಬಂತು. 2024ರ ಏಪ್ರಿಲ್‌ನಿಂದ ಯಾವ ಪ್ಯಾನೆಲ್ ಹಾಕಬಹುದೆಂದು ಹೇಳುವ ಸರ್ಕಾರದ ಅನುಮೋದಿತ ಮಾದರಿಗಳ ಪಟ್ಟಿ ಮತ್ತೆ ಜಾರಿಗೆ ಬಂತು. ಹೊರಗಿನ ಬೆಲೆ ಇಲ್ಲಿಯ ಬೆಲೆಯಾಗುವುದಿಲ್ಲ.

“545 ವಾಟ್‌ನ 918 ಪ್ಯಾನೆಲ್, ಹೆಸರಾಂತ ಕಂಪನಿ ಅಥವಾ ತತ್ಸಮಾನ.”

“ಅಥವಾ ತತ್ಸಮಾನ” ಎಂಬುದನ್ನು ಹೊಡೆದು ಹಾಕಿಸಿ. ಕಂಪನಿ, ಮಾದರಿ ಸಂಖ್ಯೆ ಎರಡೂ ಕಾಗದದ ಮೇಲಿರಬೇಕು, ಆ ಮಾದರಿ ಅನುಮೋದಿತ ಪಟ್ಟಿಯಲ್ಲಿರಬೇಕು.

“ಈಗಿರುವ ಶೀಟಿನ ಮೇಲೆ ಅಲ್ಯೂಮಿನಿಯಂ ರೈಲು ಜೋಡಣೆ.”

ಇಡೀ ಕೊಟೇಶನ್ನಿನಲ್ಲಿ ನನಗೆ ಅತಿ ಹೆಚ್ಚು ಆತಂಕ ತರುವ ಸಾಲು ಇದೇ. ಈ ಗಾತ್ರದ ಒಂದು ಪ್ಯಾನೆಲ್ ಸುಮಾರು 28 ಕಿಲೋ ತೂಗುತ್ತದೆ. 918ಕ್ಕೆ 25 ಟನ್ನಿಗೂ ಮೇಲೆ. ಅಷ್ಟು ಭಾರ ಹೊರಲು ಕೆಳಗಿನ ಪರ್ಲಿನ್, ಟ್ರಸ್‌ಗಳಿಗೆ ಶಕ್ತಿ ಇದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಸಹಿ ಹಾಕಬೇಕು. ಭಾರಕ್ಕಿಂತ ಅಪಾಯ ಗಾಳಿಯದು, ಅದು ಪ್ಯಾನೆಲ್ಲನ್ನು ಮೇಲಕ್ಕೆ ಎಳೆಯುತ್ತದೆ. ಗಾಳಿಯ ಒತ್ತಡದ ಭಾರತೀಯ ಮಾನದಂಡದಲ್ಲಿ ಬೆಂಗಳೂರಿನ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮಂಗಳೂರಿನ ಛಾವಣಿಯ ಮೇಲೆ ಅದು ಸುಮಾರು ಶೇ. 40 ಹೆಚ್ಚು. ಬೆಂಗಳೂರಿನ ವಿನ್ಯಾಸವನ್ನು ಮಂಗಳೂರಿನ ಬೈಕಂಪಾಡಿಗೆ ಒಯ್ದು ಕೂರಿಸಲಾಗದು.

ಶೀಟಿಗೆ ಎಷ್ಟು ವಯಸ್ಸಾಗಿದೆ ಎಂಬ ಪ್ರಶ್ನೆಯೂ ಇದೆ. ಪ್ಯಾನೆಲ್ 25 ವರ್ಷ ಬಾಳುತ್ತದೆ ಎಂದು ಹಣ ಹಾಕುತ್ತೀರಿ. ಹದಿನೈದು ವರ್ಷ ಮಳೆ ತಿಂದ ಶೀಟು ನಡುವೆಯೇ ಸೋರತೊಡಗಿದರೆ ಎಲ್ಲವನ್ನೂ ಬಿಚ್ಚಿ, ಇಳಿಸಿ, ಶೀಟು ಬದಲಿಸಿ, ಮತ್ತೆ ಏರಿಸಬೇಕು. ಹಳೆಯ ಶೀಟನ್ನು ಈಗಲೇ ಬದಲಿಸುವ ಖರ್ಚು ಸೋಲಾರ್ ಖರ್ಚಿನ ಭಾಗವೇ. ಶೀಟಿಗೆ ತೂತು ಕೊರೆದು ಕೂರಿಸಿದ ಮೇಲೆ ಸೋರಿದರೆ ಯಾರು ಹೊಣೆ, ಎಷ್ಟು ವರ್ಷದವರೆಗೆ ಎಂಬುದನ್ನೂ ಬರೆಸಿಕೊಳ್ಳಿ. ನಡೆದಾಡುವ ದಾರಿ, ತೊಳೆಯಲು ನೀರಿನ ಪೈಪು, ಹತ್ತುವವರಿಗೆ ಜೀವರಕ್ಷಕ ಹಗ್ಗ ಕಟ್ಟುವ ಲೈನು, ಇವಿಲ್ಲದೆ ಒಬ್ಬ ಕೂಲಿಯವನನ್ನೂ ಆ ಶೀಟಿನ ಮೇಲೆ ಹತ್ತಿಸಬಾರದು.

“ಇನ್ವರ್ಟರ್: ವಾರಂಟಿ 5 ವರ್ಷ.”

ಇದು ಪ್ಯಾನೆಲ್‌ನಷ್ಟು ಬಾಳುವುದಿಲ್ಲ. 25 ವರ್ಷದಲ್ಲಿ ಒಮ್ಮೆಯಾದರೂ ಬದಲಿಸುವ ಹಣವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

“ಬೆಸ್ಕಾಂ ಅನುಮತಿ, ವಿದ್ಯುತ್ ಪರಿವೀಕ್ಷಣಾಲಯದ ಶುಲ್ಕ, ಮೀಟರು, ಎಚ್‌ಟಿ ಪ್ಯಾನೆಲ್ ಮಾರ್ಪಾಡು: ಗ್ರಾಹಕರ ವ್ಯಾಪ್ತಿ.”

ಹಾಗೆಂದರೆ ಇದೆಲ್ಲ ನಿಮ್ಮ ಖರ್ಚು, ನಿಮ್ಮ ಓಡಾಟ. ಒಂದು ಕೊಟೇಶನ್ 38 ರೂಪಾಯಿಗೂ ಇನ್ನೊಂದು 41ಕ್ಕೂ ಇದ್ದರೆ ವ್ಯತ್ಯಾಸ ಪ್ಯಾನೆಲ್‌ನಲ್ಲಿ ಇರಲಿಕ್ಕಿಲ್ಲ, ಈ ಸಾಲಿನಲ್ಲಿ ಇರಬಹುದು. ಇನ್ವರ್ಟರ್‌ನಿಂದ ಎಲ್‌ಟಿ ಪ್ಯಾನೆಲ್‌ವರೆಗಿನ ಕೇಬಲ್‌ಗೂ ಒಂದು ಮಿತಿ ಹಾಕಿರುತ್ತಾರೆ, ಅದರಾಚೆಯ ಪ್ರತಿ ಮೀಟರಿಗೂ ಬೇರೆ ಬಿಲ್. “ಗ್ರಾಹಕರ ವ್ಯಾಪ್ತಿ”ಯ ಒಂದೊಂದು ಬಾಬ್ತಿಗೂ ಬೆಲೆ ಬರೆಸಿ, ಕೂಡಿಸಿ, ಆಮೇಲೆ ವಾಟ್ ದರ ತೆಗೆಯಿರಿ.

“ಜಿಎಸ್‌ಟಿ ಪ್ರತ್ಯೇಕ.”

ಇಂಥ ಗುತ್ತಿಗೆಯಲ್ಲಿ ಮೌಲ್ಯದ ಶೇ. 70 ಸರಕು, ಶೇ. 30 ಸೇವೆ ಎಂದು ಪರಿಗಣಿಸುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸರಕಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು, ಸೇವೆಗೆ ಶೇ. 18 ಹಾಗೇ ಇದೆ. ಹೀಗಾಗಿ ಒಟ್ಟು ಹೊರೆ ಶೇ. 13.8ರಿಂದ 8.9ಕ್ಕೆ ಬಂತು. ನಮ್ಮ ಲೆಕ್ಕದಲ್ಲಿ ಸುಮಾರು 16.9 ಲಕ್ಷ. ಹಳೆಯ ದರದಲ್ಲೇ ಮೊತ್ತ ಕೂಡಿಸಿದ ಕೊಟೇಶನ್ ಬಂದರೆ ತಿದ್ದಿಸಿ.

“ವಾರ್ಷಿಕ ಉತ್ಪಾದನೆ 7,50,000 ಯೂನಿಟ್. ಹೂಡಿಕೆ 3.6 ವರ್ಷದಲ್ಲಿ ವಾಪಸ್.”

ಯೂನಿಟ್‌ಗೆ 7 ರೂಪಾಯಿ ಉಳಿತಾಯ ಎಂದು ಹಿಡಿದು ಮಾಡಿದ ಲೆಕ್ಕ ಇದು, ಗುಣಾಕಾರ ಸರಿಯಾಗಿದೆ. ಆದರೆ ಕಿಲೋವಾಟ್‌ಗೆ 1,500 ಯೂನಿಟ್ ಎಂಬುದು ನಮ್ಮಲ್ಲಿ ಒಳ್ಳೆಯ ಛಾವಣಿ, ತೊಳೆದ ಪ್ಯಾನೆಲ್, ನೆರಳಿಲ್ಲದ ಜಾಗದ ಅಂಕಿ. 1,400 ಎಂದು ಹಿಡಿದರೆ 7 ಲಕ್ಷ ಯೂನಿಟ್. ನೆಟ್ ಮೀಟರಿಂಗ್ ಇಲ್ಲದೆ, ಭಾನುವಾರ ಕಾರ್ಖಾನೆಯೂ ಮುಚ್ಚಿದ್ದರೆ ಏಳರಲ್ಲಿ ಒಂದು ಭಾಗ ವ್ಯರ್ಥ. ಉಳಿದದ್ದು 6 ಲಕ್ಷ ಯೂನಿಟ್, 42 ಲಕ್ಷ ರೂಪಾಯಿ. ತೊಳೆಯುವ, ನೋಡಿಕೊಳ್ಳುವ ಖರ್ಚಿಗೆ 2 ಲಕ್ಷ ಕಳೆಯಿರಿ. ಜಿಎಸ್‌ಟಿ ಸೇರಿ 2.07 ಕೋಟಿ ವಾಪಸ್ ಬರಲು ಐದು ವರ್ಷ ದಾಟುತ್ತದೆ. ಐದು ವರ್ಷವೂ ಒಳ್ಳೆಯ ಹೂಡಿಕೆಯೇ. ಆದರೆ 3.6 ವರ್ಷ ನಂಬಿ ಬ್ಯಾಂಕಿನ ಕಂತು ಹೊಂದಿಸಿಕೊಂಡವರ ಪಾಡು ಬೇರೆ.

ಎಚ್‌ಟಿ ಬಿಲ್ಲಿನಲ್ಲಿ ಡಿಮ್ಯಾಂಡ್ ಶುಲ್ಕ ಎಂಬ ಇನ್ನೊಂದು ಭಾಗವಿದೆ, ಅದು ತಿಂಗಳ ಗರಿಷ್ಠ ಬೇಡಿಕೆಯ ಮೇಲೆ ಬೀಳುತ್ತದೆ. ಸಂಜೆ ಏಳಕ್ಕೆ ಯಂತ್ರಗಳು ಓಡುತ್ತಿದ್ದರೆ ಸೋಲಾರ್ ಅದನ್ನು ಇಳಿಸುವುದಿಲ್ಲ. ಇಡೀ ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಿ ಬಂದ ದರವನ್ನೇ ಉಳಿತಾಯ ಎಂದು ತೋರಿಸುವ ಕೊಟೇಶನ್ ಕಂಡರೆ ಒಪ್ಪಬೇಡಿ.

“ಪಾವತಿ: ಆರ್ಡರ್ ಜೊತೆ ಶೇ. 30, ಸರಕು ಬಂದಾಗ ಶೇ. 60, ಅಳವಡಿಕೆ ಮುಗಿದಾಗ ಶೇ. 10.”

“ಅಳವಡಿಕೆ” ಸಾಲದು, ಮೀಟರು ಜೋಡಿಸಿ ಗ್ರಿಡ್‌ಗೆ ಸೇರಿದ ದಿನ ಎಂದಿರಬೇಕು. ಪ್ಯಾನೆಲ್ ಕೂರಿಸಿಯಾದ ಮೇಲೆ ಅನುಮತಿಗೆ ಕಾಯುವ ವಾರಗಳಲ್ಲಿ ನಿಮ್ಮ ಕೈಯಲ್ಲಿ ಉಳಿದಿರುವ ಹಿಡಿತ ಆ ಶೇ. 10 ಮಾತ್ರ. ದಿನಾಂಕಕ್ಕೂ ಬೆಲೆಯಿದೆ. ಆದಾಯ ತೆರಿಗೆಯಲ್ಲಿ ಸೋಲಾರ್‌ಗೆ ಶೇ. 40 ಸವಕಳಿ ಸಿಗುತ್ತದೆ. ಆ ಹಣಕಾಸು ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಮೊದಲ ವರ್ಷ ಅದರ ಅರ್ಧ ಮಾತ್ರ. 1.90 ಕೋಟಿಗೆ 76 ಲಕ್ಷ ಇರಬೇಕಾದದ್ದು 38 ಲಕ್ಷವಾಗುತ್ತದೆ; ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಚಾಲನೆ ಎಂದು ಆರ್ಡರಿನಲ್ಲೇ ಬರೆಸಿ, ತಡವಾದರೆ ವಾರಕ್ಕಿಷ್ಟು ಕಡಿತ ಎಂದೂ ಸೇರಿಸಿ.