ಕಪ್ಪು ಚಿತ್ರದ ಕಪ್ಪು ಹೆಣ್ಣು

‘ಮಿಲ್ಡ್ರೆಡ್ ಪಿಯರ್ಸ್’ (1945) ಚಿತ್ರವನ್ನು ನಾನು ನಂಜನಗೂಡಿನ ಮನೆಯಲ್ಲಿ ಅವ್ವನ ಜೊತೆ ಕೂತು ನೋಡಿದೆ. ನಡುನಡುವೆ ಕತೆಯನ್ನು ಕನ್ನಡದಲ್ಲಿ ಹೇಳ್ತಾ ಹೋದೆ. ಅವ್ವ ತಿ. ನರಸೀಪುರದಲ್ಲಿ ಇಪ್ಪತ್ತು ವರ್ಷ ಕಂಡವರ ಮನೆ ಮುಸುರೆ ತಿಕ್ಕಿದವಳು.

ಸಮುದ್ರದಂಡೆಯ ಮನೆಯಲ್ಲಿ ಗುಂಡಿನ ಸದ್ದು. ಗಂಡಸೊಬ್ಬ ‘ಮಿಲ್ಡ್ರೆಡ್’ ಅಂತ ಹೆಸರು ಹೇಳಿ ಸಾಯ್ತಾನೆ. ಪೊಲೀಸರೆದುರು ರಾತ್ರಿಯಿಡೀ ಕೂತು ಅವಳು ತನ್ನ ಕತೆ ಬಿಚ್ಚುತ್ತಾಳೆ. ಗಂಡ ಬಿಟ್ಟುಹೋದ ಮೇಲೆ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತಿ, ಆಮೇಲೆ ತನ್ನದೇ ಹೋಟೆಲುಗಳನ್ನು ಕಟ್ಟಿದ ಗಟ್ಟಿಗಿತ್ತಿ. ಜೋನ್ ಕ್ರಾಫರ್ಡ್‌ಗೆ ಈ ಪಾತ್ರಕ್ಕೆ ಆಸ್ಕರ್ ಬಂತು, ಬರಬೇಕಾದ್ದೇ. ಲೆಕ್ಕ ಹಾಕುವಾಗ ಕಲ್ಲಾಗುವ ಆ ಮುಖ ಮಗಳೆದುರು ಮಾತ್ರ ಕರಗುತ್ತೆ.

ತಾಯಿ ಬಚ್ಚಿಟ್ಟಿದ್ದ ಹೋಟೆಲ್ ಸಮವಸ್ತ್ರವನ್ನು ಮಗಳು ವೀಡಾ ಪತ್ತೆಮಾಡಿ, ಮನೆಗೆಲಸದ ಲಾಟಿಗೆ ತೊಡಿಸ್ತಾಳೆ. ತಾಯಿಯನ್ನು ಅವಮಾನಿಸೋಕೆ ಬೇರೆ ಬೈಗುಳವೇ ಬೇಕಿಲ್ಲ. ಕಪ್ಪು ಆಳಿನ ಮೈಮೇಲೆ ಆ ಬಟ್ಟೆ ಕಂಡರೆ ಸಾಕು. ಮೈಲಿಗೆ ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿದ್ದು ಕಡಿಮೆ. ತೊಟ್ಟವಳಿಗೆ ಏನನ್ನಿಸಿತು? ಚಿತ್ರ ಕೇಳಲ್ಲ.

ಲಾಟಿಯಾದದ್ದು ಬಟರ್‌ಫ್ಲೈ ಮೆಕ್‌ಕ್ವೀನ್. ‘ಗಾನ್ ವಿತ್ ದ ವಿಂಡ್’ನಲ್ಲೂ (1939) ಅವಳು ಆಳೇ. ಆ ಕೀರಲು ದನಿ ಇಲ್ಲಿ ನಗಿಸೋಕೆ ಮಾತ್ರ. ಹೆಸರಿನ ಪಟ್ಟಿಯಲ್ಲಿ ಅವಳಿಲ್ಲ. ‘ನುವಾರ್’ ಅಂದರೆ ಫ್ರೆಂಚಿನಲ್ಲಿ ಕಪ್ಪು!

“ಆ ಕೂಸು ಏನಾದ್ಲು ಮಗ?” ಅವ್ವ ಕೇಳಿದಳು. ನಾನು ಕೊಲೆಗಾರರನ್ನು ಹುಡುಕ್ತಾ ಇದ್ದೆ. ಗಂಡ, ಗೆಳತಿ, ವ್ಯಾಪಾರದ ಪಾಲುದಾರ ಎಲ್ಲರೂ ಠಾಣೆಗೆ ಬರ್ತಾರೆ. ಅಡುಗೆಮನೆಯಿಂದ ಬಂಗಲೆವರೆಗೆ ಎಲ್ಲ ಕಂಡ ಲಾಟಿಯನ್ನು ಯಾರೂ ಕರೆಯಲ್ಲ. “ಮುಸುರೆ ತಿಕ್ಕೋಳ್ಗ ಗೊತ್ತಿಲ್ದ ಗುಟ್ಟು ಯಾವ ಮನೇಲದ?” ಅಂದಳು ಅವ್ವ.

ನಮ್ಮ ನಂಜನಗೂಡು ಸೀಮೆಯ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲೂ ಕೊಲೆಯಿದೆ, ಕತ್ತಲಿದೆ. ಅಲ್ಲಿ ಪೊಲೀಸರು ಕೇಳಲಿ ಅಂತ ಯಾರೂ ಕಾಯಲ್ಲ. ದೀಪದ ಜೋತಮ್ಮಗಳೇ ರಾತ್ರಿ ಸೇರಿ ಮಾತಿಗಿಳೀತಾವೆ. ಹಾಲಿವುಡ್ಡಿನ ಬೆಳಕಿಗೆ ಆ ಬಾಯಿಲ್ಲ. ಅದು ಒಡತಿಯ ಕೆನ್ನೆ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತೆ.

ಆದರೂ ಈ ಚಿತ್ರವನ್ನು ತಳ್ಳಿಹಾಕಲಾರೆ. ಕೊನೆಯಲ್ಲಿ ಮಿಲ್ಡ್ರೆಡ್ ಮೊದಲ ಗಂಡನ ಜೊತೆ ಠಾಣೆಯಿಂದ ಬೆಳಗಿನ ಬಿಸಿಲಿಗೆ ನಡೀತಾಳೆ. ಪಕ್ಕದಲ್ಲಿ ಇಬ್ಬರು ಹೆಂಗಸರು ಮಂಡಿಯೂರಿ ನೆಲ ತಿಕ್ತಿದ್ದಾರೆ. ನಿರ್ದೇಶಕ ಕರ್ಟಿಜ್ ಅವರನ್ನು ಅಲ್ಲಿ ಕೂರಿಸಿದ್ದು ಅಂದಕ್ಕೋ ತಪ್ಪೊಪ್ಪಿಗೆಗೋ. ತಪ್ಪೊಪ್ಪಿಗೆ ಅಂತಲೇ ಓದೋದು ನನ್ನ ಹಟ.

ಅವ್ವ ಮುಂದಕ್ಕೆ ಬಗ್ಗಿ ನೋಡಿದಳು. “ರಾತ್ರಿಯೆಲ್ಲ ಇವ್ರು ಅಲ್ಲೇ ಇದ್ರಾ ಮಗ?”