ಬೆನ್ನು ನೋಡದೆ ಪಟ್ಟಿ ಮುಗಿಯದು

ಕಾರ್ಡುಗಳಿಂದ ನೇಯುತ್ತಿದ್ದ ಟಗರಿನ ಕೊಂಬಿನ ವಿನ್ಯಾಸದ ಪಟ್ಟಿ ಈ ವಾರ ಮುಗಿಯಿತು. ಹಿಂದಿನ ವಾರ ಮಾತು ಕೊಟ್ಟ ಪ್ರಕಾರ ಇಂದು ಬರೆಯಬೇಕಾದದ್ದು ಕುಚ್ಚು ಕಟ್ಟುವುದರ ಬಗ್ಗೆ. ಅದಕ್ಕೆ ಹೆಚ್ಚು ಜಾಗ ಬೇಡ. ಒಂದು ಕಾರ್ಡಿನ ನಾಲ್ಕು ತೂತುಗಳಲ್ಲಿ ಹಾಯ್ದ ನಾಲ್ಕು ಎಳೆಗಳು ಕಾರ್ಡು ತಿರುಗಿದ ಹಾಗೆಲ್ಲ ಹುರಿಗೊಂಡು ಒಂದು ಹಗ್ಗವಾಗುತ್ತವೆ. ಅಂಥ ಹಗ್ಗಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೊಕ್ಕಿನ ದಾರ ಹಿಡಿದಿಟ್ಟುಕೊಂಡದ್ದೇ ಪಟ್ಟಿ. ಆದ್ದರಿಂದ ತುದಿಯಲ್ಲಿ ಉಳಿದ ಎಳೆಗಳನ್ನು ಕಾರ್ಡಿನ ಲೆಕ್ಕದಲ್ಲೇ ನಾಲ್ಕು ನಾಲ್ಕಾಗಿ ಹಿಡಿದು, ಅದೇ ದಿಕ್ಕಿಗೆ ಇನ್ನಷ್ಟು ಹುರಿ ಮಾಡಿ, ಗಂಟು ಹಾಕಿ. ಸೀರೆಯ ಸೆರಗಿಗೆ ಕಟ್ಟುವ ಮಣಿಕುಚ್ಚು, ಕ್ರೋಶಾ ಕುಚ್ಚು ಇಲ್ಲಿ ಒಪ್ಪುವುದಿಲ್ಲ. ಸೆರಗಿಗೆ ಕುಚ್ಚು ಒಡವೆ, ಪಟ್ಟಿಗೆ ಅದು ನೇಯ್ಗೆಯದೇ ಬಾಲ. ಕುಚ್ಚಿನ ಮಾತು ಇಲ್ಲಿಗೆ ಸಾಕು.

ಕುಚ್ಚಿಗಿಂತ ದೊಡ್ಡ ಕೆಲಸವೊಂದು ಉಳಿದಿರುತ್ತದೆ. ಅದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಮುಗಿದ ಪಟ್ಟಿಯನ್ನು ಮಗುಚಿ ನೋಡಬೇಕು. ಎರಡು ಕಡೆ ಎಳೆದು ಕಟ್ಟಿದ್ದಾಗ ಯಾವ ಪಟ್ಟಿಯಾದರೂ ನೆಟ್ಟಗೇ ಇರುತ್ತದೆ. ಕಟ್ಟು ಬಿಚ್ಚಿದ ಮೇಲೆ ಅದರ ಸ್ವಭಾವ ಹೊರಬೀಳುತ್ತದೆ. ಉದ್ದ ಸ್ವಲ್ಪ ಕುಗ್ಗುತ್ತದೆ. ಎಲ್ಲ ಕಾರ್ಡುಗಳನ್ನೂ ಒಂದೇ ದಿಕ್ಕಿನಿಂದ ಪೋಣಿಸಿ ಒಂದೇ ದಿಕ್ಕಿಗೆ ತಿರುಗಿಸಿದ್ದರೆ ಪಟ್ಟಿ ತನ್ನಷ್ಟಕ್ಕೆ ತಾನೇ ಸುತ್ತಿಕೊಳ್ಳುತ್ತದೆ. ಪೋಣಿಸುವ ಎರಡು ದಿಕ್ಕುಗಳು, ಅಂದರೆ ಎಸ್ ಮತ್ತು ಜೆಡ್, ಸಮವಾಗಿದ್ದರೆ ಒಂದರ ಹುರಿ ಇನ್ನೊಂದನ್ನು ತಡೆದು ಚಪ್ಪಟೆಯಾಗಿ ಮಲಗುತ್ತದೆ. ಕೊಂಬಿನ ವಿನ್ಯಾಸದಲ್ಲಿ ನಾಲ್ಕು ಸಲ ಮುಂದಕ್ಕೆ, ನಾಲ್ಕು ಸಲ ಹಿಂದಕ್ಕೆ ತಿರುಗಿಸುವುದರಿಂದ ಹುರಿ ಎಲ್ಲೂ ಕೂಡಿಕೊಳ್ಳುವುದಿಲ್ಲ. ಆದರೆ ದಿಕ್ಕು ಬದಲಾದ ಪ್ರತಿಯೊಂದು ಕಡೆಯೂ ಒಂದು ಎಳೆ ಎಂದಿಗಿಂತ ಉದ್ದವಾಗಿ ಹೊಕ್ಕನ್ನು ದಾಟುತ್ತದೆ. ಮುಂಬದಿಯಲ್ಲಿ ಬಣ್ಣದ ಆಟದ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಹಿಂಬದಿಯಲ್ಲಿ ಮರೆಮಾಚಲು ಏನೂ ಇಲ್ಲ. ಎಲ್ಲಿ ಕೈ ತಿರುವು ಬದಲಿಸಿತು, ಎಲ್ಲಿ ಹೊಕ್ಕು ಸಡಿಲವಾಯಿತು, ಎಲ್ಲ ಅಲ್ಲಿ ದಾಖಲಾಗಿರುತ್ತದೆ.

ಇದನ್ನು ಬರೆದಾಗಲೆಲ್ಲ ನಕ್ಷೆಯ ಪಂಥದವರು ಮುನಿಸಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಚೌಕ ತುಂಬಿ, ಅದು ಹೇಳಿದ ಹಾಗೆ ಕಾರ್ಡು ತಿರುಗಿಸಿ, ಪಟ್ಟಿಯನ್ನು ಗಾಜಿನ ಚೌಕಟ್ಟಿನೊಳಗೆ ಅಂಟಿಸಿ ಗೋಡೆಗೆ ಹಾಕುವವರು ಇವರು. ಹೊಸಬರಿಗೆ ನಕ್ಷೆಯಿಂದ ಉಪಕಾರವಾಗಿದೆ, ಇಲ್ಲವೆನ್ನಲಾರೆ. ಆದರೆ ನಕ್ಷೆ ತೋರಿಸುವುದು ಬಣ್ಣವನ್ನು. ಹುರಿಯ ಒತ್ತಡ, ಕೈಯ ಬಿಗಿ, ಹೊಕ್ಕಿನ ಎಳೆತ ಯಾವುದೂ ಚೌಕದೊಳಗೆ ಬರುವುದಿಲ್ಲ. ನಕ್ಷೆಯಂತೆ ನೇಯ್ದು ಹಿಂಬದಿ ನೋಡದೆ ಬಿಡುವುದು ಪುಸ್ತಕ ಓದಿ ಸಾರು ಮಾಡಿ ಉಪ್ಪು ನೋಡದೆ ಬಡಿಸಿದ ಹಾಗೆ. ಅಂಟಿಸಿದ ಮೇಲಂತೂ ನೋಡುವ ದಾರಿಯೂ ಮುಚ್ಚಿತು.

ಹಿಂಬದಿ ನೋಡುವುದು ಬರೀ ನನ್ನ ಹಟವಲ್ಲ. ವಿದ್ವಾಂಸರೇ ಇದೇ ವಿಷಯಕ್ಕೆ ದಶಕಗಟ್ಟಲೆ ಜಗಳವಾಡಿದ್ದಾರೆ. ಇಂಗ್ಲೆಂಡಿನ ಲಿವರ್‌ಪೂಲ್‌ನ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮೂರನೆಯ ರಾಮ್ಸೆಸ್‌ನ ಹೆಸರಿನ ನಾರುಬಟ್ಟೆಯ ನಡುಕಟ್ಟು ಇದೆ. ಐದು ಮೀಟರಿಗೂ ಉದ್ದ, ಒಂದು ತುದಿಯಿಂದ ಇನ್ನೊಂದಕ್ಕೆ ಹೋದಂತೆ ಕಿರಿದಾಗುತ್ತ ಸಾಗುವ ಅಪೂರ್ವ ನೇಯ್ಗೆ. 1916ರಲ್ಲಿ ಆರ್ನಾಲ್ಡ್ ವಾನ್ ಗೆನೆಪ್ ಮತ್ತು ಈಜಿಪ್ಟ್ ತಜ್ಞ ಗುಸ್ತಾವ್ ಜೆಕಿಯೆ ಸೇರಿ ಒಂದು ಪುಸ್ತಕವನ್ನೇ ಬರೆದು, ಪ್ರಾಚೀನ ಈಜಿಪ್ಟಿನವರು ಕಾರ್ಡುಗಳಿಂದ ನೇಯುತ್ತಿದ್ದರೆಂದು ವಾದಿಸಿದರು. ಮಾನವಶಾಸ್ತ್ರ ಓದಿದವರಿಗೆ ಗೆನೆಪ್ ಗೊತ್ತಿರುತ್ತದೆ; ಹುಟ್ಟು, ಮದುವೆ, ಸಾವುಗಳ ಸಂಸ್ಕಾರಗಳನ್ನು ಮೂರು ಹಂತವಾಗಿ ಬಿಡಿಸಿ ತೋರಿಸಿದ ಅದೇ ಗೆನೆಪ್. ಅಷ್ಟು ದೊಡ್ಡ ತಲೆ ನಾಲ್ಕು ತೂತಿನ ಕಾರ್ಡಿಗೆ ಮರುಳಾದದ್ದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

1923ರಲ್ಲಿ ಗ್ರೇಸ್ ಕ್ರೋಫುಟ್ ಮತ್ತು ಲಿಂಗ್ ರಾತ್ ಈ ವಾದವನ್ನು ಅಲ್ಲಗಳೆದು ಬರೆದರು. ಕಾರ್ಡು ಸುತ್ತಿದರೆ ಎಳೆಗಳು ಒಂದಕ್ಕೊಂದು ಹೊಸೆದುಕೊಳ್ಳಬೇಕು. ಈ ನಡುಕಟ್ಟಿನಲ್ಲಿ ಅಂಥ ಹೊಸೆತವಿಲ್ಲ. ಕಾರ್ಡಿನ ಪಕ್ಷದವರು ಬಿಡಲಿಲ್ಲ: ಕಾರ್ಡನ್ನು ಪೂರ್ತಿ ಸುತ್ತಿಸದೆ ಹಿಂದೆ ಮುಂದೆ ಆಡಿಸಿದರೆ ಹುರಿ ಬೀಳದಲ್ಲ ಎಂದರು. ಹೌದು, ಬೀಳುವುದಿಲ್ಲ. ಆದರೆ ಆ ಮಾತಿನಿಂದ ಕಾರ್ಡಿನಿಂದಲೂ ನೇಯಬಹುದು ಎಂದಾಯಿತೇ ಹೊರತು ಕಾರ್ಡಿನಿಂದಲೇ ನೇಯ್ದರು ಎಂದಾಗಲಿಲ್ಲ. ನನ್ನ ಮತ ಕ್ರೋಫುಟ್ ಕಡೆಗೆ. ಉಪಕರಣ ಸಿಗದ ಕಡೆ ಬಟ್ಟೆಯ ಸಾಕ್ಷಿಗಿಂತ ಮುಂದೆ ಹೋಗಬಾರದು.

ಇದಕ್ಕೆ ಸರಿಯಾಗಿ ಎದುರಾದ ಕಥೆ ನಾರ್ವೆಯ ಓಸೆಬರ್ಗ್‌ನದು. ಮಾರ್ಗರೆಟೆ ಲೇಮನ್-ಫಿಲ್ಹೆಸ್ ಕಾರ್ಡು ನೇಯ್ಗೆಯ ಮೇಲೆ ಜರ್ಮನ್ ಭಾಷೆಯಲ್ಲಿ ಪುಸ್ತಕ ತಂದದ್ದು 1901ರಲ್ಲಿ. ಅದಾಗಿ ಮೂರು ವರ್ಷಕ್ಕೆ ಓಸೆಬರ್ಗ್‌ನ ದಿಬ್ಬ ಅಗೆದಾಗ, 834ರಲ್ಲಿ ಇಬ್ಬರು ಹೆಂಗಸರ ಜೊತೆ ಹೂತಿಟ್ಟ ಹಡಗು ಸಿಕ್ಕಿತು. ಆ ಹಡಗಿನಲ್ಲಿ 52 ಮರದ ಕಾರ್ಡುಗಳು. ಎಳೆಗಳು ಇನ್ನೂ ತೂತಿನಲ್ಲೇ ಇದ್ದವು. ಅರ್ಧಕ್ಕೆ ನಿಂತ ಪಟ್ಟಿ. ಅಲ್ಲಿ ಯಾರೂ ಜಗಳವಾಡಲಿಲ್ಲ, ಏಕೆಂದರೆ ಕಾರ್ಡು ಕಣ್ಣೆದುರಿಗೇ ಇತ್ತು. ಮುಗಿಯದ ಪಟ್ಟಿ ತನ್ನ ಉಪಕರಣವನ್ನು ತಾನೇ ಹೇಳಿತು. ಮುಗಿದ ಪಟ್ಟಿಯ ಬಾಯಿಂದ ಅದನ್ನು ಹೊರಡಿಸಬೇಕಾದರೆ ಹುರಿ ಎಣಿಸಬೇಕು.

ಎಣಿಸಿದರೆ ಎಷ್ಟು ಸಿಗುತ್ತದೆ ಎನ್ನುವುದಕ್ಕೆ ಜರ್ಮನಿಯ ಹಾಖ್‌ಡಾರ್ಫ್ ಇದೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಕೆಲ್ಟಿಕ್ ನಾಯಕನೊಬ್ಬನ ಆ ಸಮಾಧಿಯನ್ನು 1978–79ರಲ್ಲಿ ತೆರೆದರು. ಒಳಗಿದ್ದ ಸಾಮಾನುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಲೋಹದ ಕಿಲುಬು ಹಿಡಿದುಕೊಂಡದ್ದರಿಂದ ಉಳಿದ ಚೂರುಗಳಲ್ಲಿ ಕಾರ್ಡಿನಿಂದ ನೇಯ್ದ ಪಟ್ಟಿಗಳೂ ಇದ್ದವು. ಅಂಥ ಚೂರಿನಲ್ಲಿ ಬಣ್ಣ ಮಾಸಿದ್ದರೂ ಹುರಿಯ ದಿಕ್ಕು ಉಳಿದಿರುತ್ತದೆ. ಯಾವ ಕಾರ್ಡು ಎಲ್ಲಿ ಮುಂದಕ್ಕೆ, ಎಲ್ಲಿ ಹಿಂದಕ್ಕೆ ತಿರುಗಿತು ಎಂದು ಅದರಿಂದ ಲೆಕ್ಕ ಹಾಕಬಹುದು. ಬಣ್ಣವನ್ನೇ ನಂಬಿ ಕೂತ ನಕ್ಷೆಯವರಿಗೆ ಆ ಚೂರಿನಲ್ಲಿ ಮಣ್ಣಿನ ಬಣ್ಣದ ನಾರಷ್ಟೇ ಕಂಡೀತು.

ತಾನೇ ಮಾತಾಡುವ ಪಟ್ಟಿಗಳೂ ಉಂಟು. ಮ್ಯಾನ್ಮಾರ್‌ನಲ್ಲಿ ಓಲೆಗರಿಯ ಗ್ರಂಥಗಳನ್ನು ಸುತ್ತಿ ಕಟ್ಟುತ್ತಿದ್ದ ಸಾಜಿಗ್ಯೋ ಪಟ್ಟಿಗಳನ್ನು ನೋಡಿ. ನಮ್ಮ ಓಲೆಗರಿ ಕಟ್ಟುಗಳಿಗೆ ಸಾದಾ ದಾರವೇ ಸಾಕಾಗಿತ್ತು. ಅಲ್ಲಿ ಆ ದಾರದಲ್ಲೇ ಅಕ್ಷರ ನೇಯ್ದರು. ಬೆರಳಗಲದ ಹತ್ತಿ ಪಟ್ಟಿಯ ಉದ್ದಕ್ಕೂ ಗ್ರಂಥ ಬರೆಯಿಸಿದ ದಾನಿಯ ಹೆಸರು, ಅವನ ಪುಣ್ಯದ ಹಂಚಿಕೆ, ಕೇಳಿದ ಮನುಷ್ಯರೂ ದೇವತೆಗಳೂ ಸಾಧು ಎನ್ನಲಿ ಎಂಬ ಕೋರಿಕೆ. ರಾಲ್ಫ್ ಐಸಾಕ್ಸ್ 2014ರಲ್ಲಿ ಇವುಗಳ ಮೇಲೆ ಒಂದು ಇಡೀ ಪುಸ್ತಕ ತಂದಿದ್ದಾರೆ. ಇವು ಎರಡು ಮುಖದ ನೇಯ್ಗೆ. ಮಗುಚಿದರೆ ಬಣ್ಣ ಅದಲುಬದಲಾಗಿ, ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ನೇಯುವವರು ಎರಡೂ ಮುಖಗಳನ್ನು ಒಟ್ಟಿಗೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಿಂಬದಿ ಎನ್ನುವುದು ಉಳಿಕೆ ಜಾಗ ಎಂದುಕೊಂಡವರ ಕೈಯಲ್ಲಿ ಇಂಥ ಒಂದು ಅಕ್ಷರವೂ ಮೂಡಲಾರದು.

ಪೀಟರ್ ಕಾಲಿಂಗ್‌ವುಡ್ 1982ರ ತಮ್ಮ ಹೆಬ್ಬೊತ್ತಿಗೆಯಲ್ಲಿ ಎಳೆ ಪೋಣಿಸುವ ಮತ್ತು ಕಾರ್ಡು ತಿರುಗಿಸುವ ಬಗೆಗಳನ್ನು ಒಂದೊಂದಾಗಿ ಬಿಡಿಸಿ, ಯಾವುದರಿಂದ ಯಾವ ರಚನೆ ಹುಟ್ಟುತ್ತದೆ ಎಂದು ತೋರಿಸಿದರು. ಆ ಪುಸ್ತಕವನ್ನು ಚಂದದ ವಿನ್ಯಾಸಕ್ಕಾಗಿ ತಿರುವುವವರೇ ಹೆಚ್ಚು. ಒಂದು ಪಟ್ಟಿ ಮುಗಿಸಿ, ಅದನ್ನು ಮಗುಚಿ, ಕಂಡದ್ದನ್ನು ಅಲ್ಲಿ ಹುಡುಕಿದರೆ ಪುಸ್ತಕ ಬೇರೆಯದೇ ಆಗುತ್ತದೆ.

ಹಾಗಾಗಿ ಹೊಸದಾಗಿ ಹಾಸು ಹೂಡುವವರಿಗೆ ನನ್ನ ಸಲಹೆ ಇಷ್ಟು: ಕೊನೆಯ ಒಂದು ಗೇಣನ್ನು ವಿನ್ಯಾಸಕ್ಕೆ ಕೊಡಬೇಡಿ. ಅಲ್ಲಿ ಎಲ್ಲ ಕಾರ್ಡುಗಳನ್ನೂ ಮುಂದಕ್ಕೇ ತಿರುಗಿಸಿ, ಆಮೇಲೆ ಹಿಂದಕ್ಕೇ, ಆಮೇಲೆ ಒಂದು ಬಿಟ್ಟು ಒಂದು. ಚಂದ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಬಿಚ್ಚಿದ ಮೇಲೆ ಯಾವ ಭಾಗ ಸುತ್ತಿಕೊಂಡಿತು, ಯಾವುದು ಮಲಗಿತು ನೋಡಿ, ಕಾರ್ಡಿನ ಸಂಖ್ಯೆ ಮತ್ತು ಪೋಣಿಸಿದ ದಿಕ್ಕು ಬರೆದ ಚೀಟಿಯೊಂದನ್ನು ಅದಕ್ಕೇ ಹೊಲಿಯಿರಿ. ಚೌಕಟ್ಟು ಹಾಕಿಸುವ ಹಣದಲ್ಲಿ ಇನ್ನೊಂದು ಉಂಡೆ ನೂಲು ಬರುತ್ತದೆ.